ನೈರೋಬಿ ಬೀದಿ ಬಗ್ಗೆ ಡಾಕ್ಯುಮೆಂಟರಿ ಮಾಡ್ಬೇಕಾ? ಒಂದು ಸ್ಟೇಜ್ ಹಿಡ್ಕೊಂಡು ಕೂತ್ಕೊಳ್ಳಿ

ಮೊದಲು ಟೈಮ್ ನೋಡೋದು ಕಲೀರಿ, ಕ್ಯಾಮೆರಾ ಲೆನ್ಸು ಅದೆಲ್ಲ ಆಮೇಲೆ. ನಾನಿದನ್ನ ಕಲಿತಿದ್ದು ಬೀದೀಲಿ ಆರು ಗಂಟೆ ನಿಂತು. ಕೀನ್ಯಾ ರಾಜಧಾನಿ ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಕಡೆ ರಸ್ತೆ ಪಕ್ಕ ಮುತುರಾ ಸುಡೋ ಒಬ್ಬರನ್ನ ಶೂಟ್ ಮಾಡೋಣ ಅಂತ ಮಾತಾಡಿಸಿದ್ದೆ. ಮುತುರಾ ಅಂದ್ರೆ ಕರುಳಿಗೆ ಮಾಂಸ, ರಕ್ತ ತುಂಬಿಸಿ ಕೆಂಡದ ಮೇಲೆ ಸುಡೋ ತಿಂಡಿ, ನಮ್ಮಲ್ಲಿ ಸಂಜೆ ಆಫೀಸ್ ಬಿಟ್ಟವ್ರು ಬೋಂಡಾ ಗಾಡಿ ಸುತ್ತ ನಿಂತ್ಕೊಳ್ತಾರಲ್ಲ, ಅಲ್ಲಿ ಇದರ ಸುತ್ತ ನಿಂತ್ಕೊಳ್ತಾರೆ. "ನಾಳೆ ಸಾ ಕೂಮಿಗೆ ಬಾ" ಅಂದ್ರು. ಸ್ವಾಹಿಲಿಯಲ್ಲಿ ಕೂಮಿ ಅಂದ್ರೆ ಹತ್ತು ಅಂತ ಗೊತ್ತಿತ್ತು, ಜಂಬದಿಂದ ಬೆಳಿಗ್ಗೆ 10ಕ್ಕೆ ಟ್ರೈಪಾಡ್ ಹೊತ್ಕೊಂಡು ಹೋದೆ. ಆಸಾಮಿ ಪತ್ತೆ ಇಲ್ಲ, ಫೋನ್ ಸ್ವಿಚ್ ಆಫ್. ಬಂದಿದ್ದು ಸಂಜೆ 4ಕ್ಕೆ. ಅವ್ರು ಬಂದಿದ್ದು ಸರಿಯಾದ ಟೈಮಿಗೇ, ತಪ್ಪು ನಂದು.

ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಬೆಳಿಗ್ಗೆಯಿಂದ. ನಮ್ಮ ಪಂಚಾಂಗದಲ್ಲಿ ಸೂರ್ಯೋದಯದಿಂದ ಘಳಿಗೆ ಎಣಿಸೋ ಥರಾನೇ. ನೈರೋಬಿ ಸಮಭಾಜಕ ವೃತ್ತದ ಪಕ್ಕದಲ್ಲೇ ಇರೋದ್ರಿಂದ ವರ್ಷಪೂರ್ತಿ ಸೂರ್ಯ ಹುಟ್ಟೋದು ಹೆಚ್ಚುಕಮ್ಮಿ 6:30ಕ್ಕೆ, ಮುಳುಗೋದೂ 6:30ಕ್ಕೆ, ಹಾಗಾಗಿ 7 ಗಂಟೆ ಅಂದ್ರೆ ಸಾ ಮೋಜಾ, ಒಂದನೇ ಗಂಟೆ. ಗಡಿಯಾರದಲ್ಲಿ ಕಾಣೋದಕ್ಕೆ ಆರು ಗಂಟೆ ವ್ಯತ್ಯಾಸ. ಇಂಗ್ಲಿಷಲ್ಲಿ ಮಾತಾಡಿದ್ರೆ ನಮ್ಮ ಲೆಕ್ಕದಲ್ಲೇ ಹೇಳ್ತಾರೆ, ಸ್ವಾಹಿಲಿಯಲ್ಲಿ ಹೇಳಿದ್ರೆ ಅವ್ರ ಲೆಕ್ಕ. ಕಾಲ್ ಶೀಟ್ ಬರೆಯೋವಾಗ "ಬೆಳಿಗ್ಗೆನಾ ಸಂಜೆನಾ" ಅಂತ ಎರಡೆರಡು ಸಲ ಕೇಳಿ, ನಾಚ್ಕೋಬೇಡಿ.

ಆದ್ರೆ ಆ ಆರು ಗಂಟೆ ವೇಸ್ಟ್ ಆಗ್ಲಿಲ್ಲ, ಅಸಲಿಗೆ ನನ್ನ ಫಿಲ್ಮ್ ಹುಟ್ಟಿದ್ದೇ ಅಲ್ಲಿ. ಬೇರೆ ಕೆಲಸ ಇಲ್ದೆ ನೋಡ್ತಾ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಮಾಮಾ ಮ್ಬೋಗಾ, ಅಂದ್ರೆ ತರಕಾರಿ ಮಾರೋ ಅಮ್ಮ, ಸುಕುಮಾ ವಿಕಿ ಸೊಪ್ಪಿನ ಎಲೆಗಳನ್ನ ಬೀಡಿ ಥರ ಸುತ್ತಿ ಎಡಗೈಲಿ ಹಿಡ್ಕೊಂಡು ಬಲಗೈಯ ಚಾಕುವಲ್ಲಿ ದಾರದಷ್ಟು ತೆಳ್ಳಗೆ ಹೆಚ್ಚಿ ಕೊಡ್ತಿದ್ರು, ಕಣ್ಣು ಮಾತ್ರ ರಸ್ತೆ ಮೇಲೆ. (ಸುಕುಮಾ ವಿಕಿ ಅಂದ್ರೆ "ವಾರ ತಳ್ಳು" ಅಂತ ಅರ್ಥ, ಸಂಬಳ ಬರೋವರೆಗೂ ವಾರ ತಳ್ಳೋ ಸೊಪ್ಪು. ಎಂಥಾ ಹೆಸರು ನೋಡಿ.) ತಲೆ ಮೇಲೆ ಹೊಸದಾಗಿ ಕಟ್ಟಿದ ಎಕ್ಸ್‌ಪ್ರೆಸ್‌ವೇ. ಅದರ ನೆರಳು ಸರಿದ ಹಾಗೆಲ್ಲ ಬೋಡಾ ಬೋಡಾ ಹುಡುಗ್ರು, ಅಂದ್ರೆ ಬೈಕ್ ಟ್ಯಾಕ್ಸಿಯವ್ರು, ಯಾರೂ ಯಾರಿಗೂ ಏನೂ ಹೇಳದೆ ಬೈಕುಗಳನ್ನ ಒಂದೊಂದು ಅಡಿ ಸರಿಸ್ತಾ ಇದ್ರು. 10 ಗಂಟೆಗೆ ಒಂದು ಕಂಬದ ಹತ್ರ ಇದ್ದ ಸಾಲು 3ಕ್ಕೆ ಇನ್ನೊಂದು ಕಂಬದ ಹತ್ರ. ನಗರ ಬದಲಾಗಿದೆ ಅಂತ ತೋರ್ಸೋಕೆ ಇದಕ್ಕಿಂತ ಒಳ್ಳೇ ಶಾಟ್ ಬೇಕಾ?

ಹಾಗಾಗಿ ನನ್ನ ಸಲಹೆ ಒಂದೇ: "ನೈರೋಬಿ ಬಗ್ಗೆ" ಫಿಲ್ಮ್ ಮಾಡ್ಬೇಡಿ, ಒಂದು ಸ್ಟೇಜ್ ಬಗ್ಗೆ ಮಾಡಿ. ಸ್ಟೇಜ್ ಅಂದ್ರೆ ಅಲ್ಲಿ ಬಸ್ ಸ್ಟಾಪ್, ಮತಾಟು, ಅಂದ್ರೆ ಪ್ರೈವೇಟ್ ಮಿನಿಬಸ್ಸು, ನಿಲ್ಲೋ ಜಾಗ. 2019ರ ಜನಗಣತಿ ಪ್ರಕಾರ ಈ ಊರಲ್ಲಿ ಸುಮಾರು 44 ಲಕ್ಷ ಜನ, ಎಲ್ಲಾರ ಹಿಂದೆ ಓಡೋಕಾಗಲ್ಲ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರಲ್ಲ, ಹಾಗೆ ನೀವು ಒಂದು ಕಡೆ ನಿಂತ್ರೆ ಊರೇ ನಿಮ್ಮ ಮುಂದೆ ಹಾದು ಹೋಗತ್ತೆ.

ಯಾವ ಸ್ಟೇಜ್ ಅಂತ ಆರಿಸೋದು ಹೇಗೆ

ನೋಡಿ, ಹಳೇದು ಹೊಸದು ಒಂದಕ್ಕೊಂದು ಉಜ್ಜೋ ಜಾಗ ಬೇಕು. ಗಿಕೊಂಬಾದಲ್ಲಿ ಮಿತುಂಬಾ ಇದೆ, ವಿದೇಶದಿಂದ ಬೇಲ್‌ಗಟ್ಲೆ ಬರೋ ಹಳೇ ಬಟ್ಟೆಯ ಮಾರ್ಕೆಟ್ಟು, ಆಗಾಗ ಬೆಂಕಿ ಬೀಳತ್ತೆ, ಮತ್ತೆ ಎದ್ದು ನಿಲ್ಲತ್ತೆ. ಈಸ್ಟ್‌ಲೀಯಲ್ಲಿ ಸೊಮಾಲಿ ವ್ಯಾಪಾರಿಗಳ ಮಾಲ್‌ಗಳು. ಕಮುಕುಂಜಿಯಲ್ಲಿ ತಗಡು ಬಡಿದು ಪೆಟ್ಟಿಗೆ, ಒಲೆ ಮಾಡೋ ಜುವಾ ಕಾಲಿ ಕೆಲಸಗಾರರು, ಜುವಾ ಕಾಲಿ ಅಂದ್ರೆ ಸುಡುಬಿಸಿಲು, ಸೂರಿಲ್ಲದೆ ಬಿಸಿಲಲ್ಲೇ ಕೆಲಸ ಮಾಡೋದಕ್ಕೆ ಆ ಹೆಸರು. ನಾವೆಲ್ಲ ಪೇಪರಲ್ಲಿ ಓದೋ "ಅನೌಪಚಾರಿಕ ವಲಯ" ಅನ್ನೋ ಮಾತು ಪ್ರಪಂಚಕ್ಕೆಲ್ಲ ಹರಡಿದ್ರಲ್ಲಿ 1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೀನ್ಯಾ ಬಗ್ಗೆ ಕೊಟ್ಟ ವರದಿಯದ್ದೇ ದೊಡ್ಡ ಪಾಲು, ಅಂದ್ರೆ ಈ ತಗಡಿನ ಸದ್ದಿಗೆ ಅಷ್ಟು ದೂರದ ನಂಟಿದೆ.

ನಾನು ಆರಿಸಿದ್ದು ಎಕ್ಸ್‌ಪ್ರೆಸ್‌ವೇ ಕೆಳಗಡೆ. ಮ್ಲೊಲೊಂಗೊದಿಂದ ವೆಸ್ಟ್‌ಲ್ಯಾಂಡ್ಸ್‌ವರೆಗೆ 27 ಕಿಲೋಮೀಟರ್, ಚೈನಾ ರೋಡ್ ಅಂಡ್ ಬ್ರಿಡ್ಜ್ ಕಾರ್ಪೊರೇಷನ್ ಕಟ್ಟಿದ್ದು, 2022ರ ಮೇನಲ್ಲಿ ಜನಕ್ಕೆ ತೆರೆದ್ರು. ಮೇಲೆ ಹೋಗೋರು ಟೋಲ್ ಕಟ್ತಾರೆ, ಕೆಳಗಿನೋರು ಜಾಮಲ್ಲಿ ಕೂತಿರ್ತಾರೆ, ಕೆಲವು ಮತಾಟುಗಳು ಜಾಸ್ತಿ ದುಡ್ಡು ತಗೊಂಡು ಮೇಲೇ ಹೋಗ್ತವೆ. ಕಟ್ಟೋವಾಗ ರಸ್ತೆ ಪಕ್ಕದ ಮರ, ಗಿಡ ಮಾರೋ ನರ್ಸರಿ, ಗೂಡಂಗಡಿ ಎಲ್ಲ ಎತ್ತಂಗಡಿ. ಒಂದು ದೊಡ್ಡ ಮುಗುಮೋ ಮರ ಮಾತ್ರ ಉಳೀತು. ಅದು ಅತ್ತಿ ಜಾತಿ ಮರ, ಕಿಕುಯು ಜನಕ್ಕೆ ಪವಿತ್ರ, ನಮ್ಮ ಅರಳಿಕಟ್ಟೆ ಮರದ ಥರ. ಜನ ಗಲಾಟೆ ಮಾಡಿ, 2020ರ ನವೆಂಬರಲ್ಲಿ ಅಧ್ಯಕ್ಷರ ಆದೇಶ ಬಂದು ಕಡಿಯೋದು ನಿಂತಿತು. ಬೆಂಗಳೂರಲ್ಲಿ ಫ್ಲೈಓವರ್‌ಗೆ ಮರ ಬಿದ್ದಿದ್ದನ್ನ ನೋಡಿದವ್ರಿಗೆ ಈ ಕಥೆ ಬಿಡಿಸಿ ಹೇಳ್ಬೇಕಾಗಿಲ್ಲ, ಆದ್ರೆ ಫಿಲ್ಮಲ್ಲಿ ಆ ಹೋಲಿಕೆ ತರ್ಬೇಡಿ, ಬೀದಿ ಅವರದ್ದು.

ಹೋಗೋ ಮುಂಚೆ ಓದ್ಕೊಂಡು ಹೋಗ್ಬೇಕಾಗಿದ್ದು

ನೈರೋಬಿ ಪುರಾತನ ಊರೇನಲ್ಲ. 1899ರಲ್ಲಿ ರೈಲ್ವೆ ಡಿಪೋ ಅಂತ ಶುರುವಾಗಿದ್ದು, ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆ ಹೋಗೋ ಉಗಾಂಡ ರೈಲ್ವೆಗೆ. ಹೆಸರು ಮಸಾಯಿ ಭಾಷೆಯದ್ದು, ತಣ್ಣೀರಿನ ಜಾಗ ಅಂತ. ಆ ಹಳಿ ಹಾಕೋಕೆ ಇಂಡಿಯಾದಿಂದ ಸುಮಾರು 32,000 ಜನ ಕೂಲಿಗಳು ಹೋಗಿದ್ರು, ಅದರಲ್ಲಿ ಸುಮಾರು 2,500 ಜನ ಅಲ್ಲೇ ಸತ್ರು. ಇಂಡಿಯನ್ ಬಜಾರ್ ಅಂತ ಒಂದು ಬೀದಿ ಬೆಳೀತು, 1902ರಲ್ಲಿ ಪ್ಲೇಗ್ ಬಂದಾಗ ಬಜಾರನ್ನೇ ಸುಟ್ಟು ಹಾಕಿದ್ರು, ಮತ್ತೆ ಕಟ್ಟಿದ್ರು, ಈಗ ಅದು ಬಿಯಾಶರಾ ಸ್ಟ್ರೀಟ್. 1920ರವರೆಗೂ ಅಲ್ಲಿ ಓಡ್ತಿದ್ದಿದ್ದು ರೂಪಾಯಿ. ಗಾಡಿಗೆ ಗಾರಿ, ದುಕಾನಿಗೆ ಡೂಕಾ, ಬಣ್ಣಕ್ಕೆ ರಂಗಿ, ಇವೆಲ್ಲ ಸ್ವಾಹಿಲಿಗೆ ಹೋಗಿ ಕೂತಿರೋ ನಮ್ಮ ಕಡೆ ಪದಗಳು.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಬೀದೀಲಿ ನಿಂತಾಗ ನೀವು ಬರೀ ಕ್ಯಾಮೆರಾದವ್ರಲ್ಲ, ನೀವು ಮುಹಿಂದಿ. ಇಂಡಿಯದವ್ರನ್ನ ಹಾಗೇ ಕರೆಯೋದು. (ಮಹಿಂದಿ ಅಂದ್ರೆ ಮೆಕ್ಕೆಜೋಳ. ನಾನು ಒಂದು ವಾರ ಎರಡನ್ನೂ ಅದಲುಬದಲು ಮಾಡಿ ಸ್ಟೇಜಿನೋರಿಗೆಲ್ಲ ಬಿಟ್ಟಿ ಮನರಂಜನೆ ಕೊಟ್ಟೆ.) ಅಲ್ಲಿನ ಬಹಳ ಜನ ಮುಹಿಂದಿಯನ್ನ ಕಂಡಿರೋದು ಅಂಗಡಿ ಓನರ್ ಆಗಿ, ಫ್ಯಾಕ್ಟರಿ ಬಾಸ್ ಆಗಿ. ಆ ಅನುಮಾನ ಒಂದು ಚಹಾದಲ್ಲಿ ಹೋಗಲ್ಲ. ಮೊದಲ ವಾರ ಕ್ಯಾಮೆರಾ ಬ್ಯಾಗಿಂದ ತೆಗೀಲೇಬೇಡಿ, ಚಪಾತಿ-ಮಡೊಂಡೊ ತಿನ್ನಿ (ಹುರುಳಿ ಅಲ್ಲ, ನಮ್ಮ ರಾಜ್ಮಾ ಥರದ ಕಾಳು), ಹೆಸರು ಕೇಳಿ, ನಿಮ್ಮ ಹೆಸರು ಹೇಳಿ, ಅವ್ರ ಬೈಗುಳ ಎರಡು ಕಲೀರಿ.

ಇನ್ನೊಂದು, ಅಂಕಿ ಅಂಶ ಹೇಳೋವಾಗ ಹುಷಾರು. ಕಿಬೆರಾ ಸ್ಲಮ್ಮಲ್ಲಿ 10 ಲಕ್ಷ ಜನ ಇದ್ದಾರೆ ಅಂತ ವರ್ಷಗಟ್ಟಲೆ ಎಲ್ಲಾರೂ ಬರೆದ್ರು, 2009ರ ಜನಗಣತಿ ಎಣಿಸಿ ನೋಡಿದ್ರೆ ಸುಮಾರು 1.7 ಲಕ್ಷ. ಗಣತಿಯಲ್ಲಿ ಬಿಟ್ಟುಹೋದವ್ರು ಇದ್ದಾರೆ ಅಂತ ವಾದ ಇದೆ, ಇರ್ಲಿ, ಆದ್ರೂ ಅಷ್ಟು ಅಂತರ ಇರೋ ನಂಬರನ್ನ ವಾಯ್ಸ್‌ಓವರಲ್ಲಿ ಹಾಕಿ ಮರ್ಯಾದೆ ಕಳ್ಕೋಬೇಡಿ.

ಪೇಪರ್ ಕೆಲಸ, ಬೇಗ ಹೇಳಿ ಮುಗಿಸ್ತೀನಿ

ಬೋರಿಂಗ್ ಆದ್ರೂ ಮಾಡ್ಲೇಬೇಕು. ಕೀನ್ಯಾದಲ್ಲಿ ಶೂಟ್ ಮಾಡೋಕೆ ಫಿಲ್ಮಿಂಗ್ ಲೈಸೆನ್ಸ್ ಬೇಕು, ಕೀನ್ಯಾ ಫಿಲ್ಮ್ ಕ್ಲಾಸಿಫಿಕೇಶನ್ ಬೋರ್ಡ್ ಕೊಡೋದು, ಹೊರದೇಶದವ್ರು ಅಲ್ಲಿನ ರಿಜಿಸ್ಟರ್ಡ್ ಏಜೆಂಟ್ ಮೂಲಕ ಅರ್ಜಿ ಹಾಕ್ಬೇಕು. 2024ರ ಜನವರಿಯಿಂದ ವೀಸಾ ಬದಲು ಇಟಿಎ, ಅಂದ್ರೆ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ ಬಂದಿದೆ, ವಿಮಾನ ಹತ್ತೋ ಮುಂಚೇನೇ ಆನ್‌ಲೈನಲ್ಲಿ ಮಾಡ್ಕೊಳ್ಳಿ. ಡ್ರೋನ್ ಒಯ್ಯೋ ಆಸೆ ಇದ್ರೆ ಬಿಡಿ, ಸಿವಿಲ್ ಏವಿಯೇಷನ್‌ನ ಅನುಮತಿ ಇಲ್ದೆ ತಂದ್ರೆ ಏರ್‌ಪೋರ್ಟಲ್ಲೇ ಇಟ್ಕೊಳ್ತಾರೆ, ಮತ್ತೆ ಬೀದಿ ಕಥೆಗೆ ಹದ್ದಿನ ಕಣ್ಣು ಯಾಕೆ ಬೇಕು ಹೇಳಿ. ಲೆನ್ಸು ಕೇಬಲ್ಲು ಸುತ್ತೋಕೆ ಮನೆಯಿಂದ ಪ್ಲಾಸ್ಟಿಕ್ ಕವರ್ ತಗೊಂಡು ಹೋಗ್ಬೇಡಿ, 2017ರ ಆಗಸ್ಟಿಂದ ಅಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ, ಜೈಲಿಗೆ ಹಾಕೋವಷ್ಟು ಕಾನೂನಿದೆ, ಬಟ್ಟೆ ಚೀಲ ಒಯ್ಯಿರಿ. ಪ್ಲಗ್ ದೊಡ್ಡ ಚೌಕ ಪಿನ್‌ದು, ಬ್ರಿಟಿಷ್ ಮಾದರಿ. ಲೈಸೆನ್ಸಿನ ಪ್ರಿಂಟ್ ಎರಡು ಕಾಪಿ ಜೇಬಲ್ಲಿರ್ಲಿ, ಯಾಕಂದ್ರೆ ಕೇಳೋರು ಪೊಲೀಸ್ ಒಬ್ರೇ ಅಲ್ಲ, ಕಾಂಜೋನೂ ಕೇಳ್ತಾರೆ.

ಕಾಂಜೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಕೌನ್ಸಿಲ್ ಅನ್ನೋದೇ ಬೀದಿ ಬಾಯಲ್ಲಿ ಕಾಂಜೋ ಆಗಿದ್ದು, ಕೌಂಟಿಯ, ಅಂದ್ರೆ ಅಲ್ಲಿನ ಸ್ಥಳೀಯ ಆಡಳಿತದ ಸಿಬ್ಬಂದಿ, ಲೈಸೆನ್ಸ್ ಇಲ್ದ ವ್ಯಾಪಾರಿಗಳನ್ನ ಓಡಿಸೋರು. ಫುಟ್‌ಪಾತ್ ವ್ಯಾಪಾರಿಗಳು ನೆಲದ ಮೇಲೆ ಹಾಸೋ ಶೀಟಿನ ನಾಕೂ ಮೂಲೆಗೆ ಹಗ್ಗ ಕಟ್ಟಿರ್ತಾರೆ, ನಾಕೂ ಹಗ್ಗ ಒಂದೇ ಕೈಗೆ ಸಿಗೋ ಹಾಗೆ. ಯಾರೋ ಒಬ್ರು ಶಿಳ್ಳೆ ಹೊಡೆದ್ರೆ ಸಾಕು, ಹಗ್ಗ ಎಳೆದ್ರೆ ಅಂಗಡಿ ಗಂಟಾಯ್ತು, ಹೆಗಲಿಗೆ ಹೋಯ್ತು, ಮನುಷ್ಯ ಮಾಯ. ನಾನು ಮೊದಲ ಸಲ ಕಂಡಾಗ ಬಾಯಿ ಬಿಟ್ಕೊಂಡು ನೋಡ್ತಾ ನಿಂತೆ, ರೆಕಾರ್ಡ್ ಬಟನ್ ಒತ್ತೋದೇ ಮರೆತೆ. ಎರಡನೇ ಸಲ ಒತ್ತಿದೆ, ಓಡೋರ ಮುಖ ಚೆನ್ನಾಗಿ ಬಂತು, ಖುಷಿ ಆಯ್ತು. ಸಂಜೆ ನಮ್ಮ ಫಿಕ್ಸರ್ ಹುಡುಗ, ಅಂದ್ರೆ ಶೂಟಿಂಗಿಗೆ ಬೇಕಾದ್ದೆಲ್ಲ ಹೊಂದಿಸಿಕೊಡೋ ಅಲ್ಲಿನವ, ನೋಡಿ, "ಇದು ಹೊರಗೆ ಹೋದ್ರೆ ನಾಳೆ ಇವ್ರನ್ನ ಗುರುತು ಹಿಡಿಯೋಕೆ ನೀವೇ ಫೋಟೋ ಕೊಟ್ಟ ಹಾಗಾಯ್ತಲ್ಲ" ಅಂತ ಸರಿಯಾಗಿ ಮಂಗಳಾರತಿ ಎತ್ತಿದ. ಆಮೇಲಿಂದ ಅಂಥಾ ಟೈಮಲ್ಲಿ ಕ್ಯಾಮೆರಾ ಕೈ, ಕಾಲು, ಹಗ್ಗದ ಮೇಲೆ ಮಾತ್ರ. ಫಿಲ್ಮಲ್ಲಿ ಆ ಹಗ್ಗದ ಶಾಟೇ ಚೆನ್ನಾಗಿ ಬಂದಿರೋದು.

ಒಪ್ಪಿಗೆ ಬಾಯಲ್ಲಿ ತಗೊಂಡು ರೆಕಾರ್ಡ್ ಮಾಡಿಟ್ಕೊಳ್ಳಿ, ಅವ್ರ ಭಾಷೇಲೇ, ಎಲ್ಲೆಲ್ಲಿ ತೋರಿಸ್ತೀವಿ ಅಂತ ಬಿಡಿಸಿ ಹೇಳಿ. 2019ರಿಂದ ಡೇಟಾ ಪ್ರೊಟೆಕ್ಷನ್ ಕಾನೂನೂ ಇದೆ. ಮಕ್ಕಳಾದ್ರೆ ಅಪ್ಪ ಅಮ್ಮನ್ನ ಕೇಳಿ. ಕೇಳಿದ್ರೂ ಬರಿಗಾಲ ಮಕ್ಕಳು ಕ್ಯಾಮೆರಾ ಕಡೆ ನಗ್ತಾ ಓಡಿ ಬರೋ ಸ್ಲೋಮೋಷನ್ ಶಾಟ್ ದಮ್ಮಯ್ಯ ಹಾಕ್ಬೇಡಿ, ಆಫ್ರಿಕಾ ಅಂದ ತಕ್ಷಣ ಎಲ್ಲಾರೂ ಹಾಕೋದೇ ಅದು.

ದುಡ್ಡು ಕೊಡ್ಬೇಕಾ? ಇದ್ರ ಬಗ್ಗೆ ಜಗಳ ಇದೆ. ಕೊಟ್ರೆ ಕಥೆ ಕೆಡತ್ತೆ ಅಂತಾರೆ. ನಾನಂತೂ ಕೊಟ್ಟೆ, ಮಾತಿಗಲ್ಲ, ಟೈಮಿಗೆ. ಎರಡು ಗಂಟೆ ನಿಮ್ಮ ಜೊತೆ ಕೂತ್ರೆ ಅವ್ರಿಗೆ ಎರಡು ಗಂಟೆ ವ್ಯಾಪಾರ ಹೋಯ್ತು, ಹೊಟ್ಟೆಪಾಡು ಅದು. ಎಷ್ಟು ಅಂತ ಮುಂಚೇನೇ ಮಾತಾಡಿ, ಆಮೇಲೆ ಎಂ-ಪೇಸಾ ಮಾಡಿ. 2007ರಿಂದಲೇ ಇದೆ ಅದು, ನಮ್ಮಲ್ಲಿ ಯುಪಿಐ ಹುಟ್ಟೋಕೂ ಒಂಬತ್ತು ವರ್ಷ ಮುಂಚೆ ಅಲ್ಲಿ ಸೊಪ್ಪು ಮಾರೋರು ಫೋನಲ್ಲಿ ದುಡ್ಡು ತಗೊಳ್ಳೋದು ಶುರು ಮಾಡಿದ್ರು. ಅತ್ತಿದ್ದಕ್ಕೆ ಜಾಸ್ತಿ ದುಡ್ಡು ಮಾತ್ರ ಕೊಡ್ಬೇಡಿ.

ಬೆಳಕು, ಸದ್ದು

ಜನವರಿ ಫೆಬ್ರವರಿ ಒಳ್ಳೇ ಬಿಸಿಲು. ಮಾರ್ಚಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರಿಂದ ಡಿಸೆಂಬರ್ ಸಣ್ಣ ಮಳೆ, ಜುಲೈ ಆಗಸ್ಟಲ್ಲಿ ಮೋಡ ಮುಚ್ಕೊಂಡು ಸ್ವೆಟರ್ ಹಾಕೋವಷ್ಟು ಚಳಿ, ಆಫ್ರಿಕಾ ಅಂದ್ರೆ ಸೆಖೆ ಅಂದ್ಕೊಂಡು ಬರೀ ಟೀಶರ್ಟ್ ತಗೊಂಡು ಹೋಗಿ ನಾನು ನಡುಗಿದ್ದೀನಿ. ಸಂಜೆ ಬೆಳಕು ಬೇಗ ಹೋಗತ್ತೆ, ಬಂಗಾರದ ಬೆಳಕು ಅಂತ ಲೆನ್ಸ್ ಬದಲಾಯಿಸೋದ್ರಲ್ಲಿ ಕತ್ತಲು. ಎಕ್ಸ್‌ಪ್ರೆಸ್‌ವೇ ಕೆಳಗೆ ನೆರಳು, ಹಿಂದೆ ಬಿಳೀ ಆಕಾಶ, ಕ್ಯಾಮೆರಾನ ಆಟೋದಲ್ಲಿ ಬಿಟ್ರೆ ಕಪ್ಪು ಮೈಬಣ್ಣದವ್ರ ಮುಖ ಬರೀ ಕರೀ ಚುಕ್ಕೆ ಆಗತ್ತೆ. ಮುಖಕ್ಕೆ ಎಕ್ಸ್‌ಪೋಶರ್ ಇಡಿ, ಆಕಾಶ ಬೆಳ್ಳಗೆ ಸುಟ್ಟು ಹೋದ್ರೆ ಹೋಗ್ಲಿ.

ಸದ್ದು ಬೆಳಕಿಗಿಂತ ಮುಖ್ಯ, ಇದನ್ನ ಯಾರೂ ನಂಬಲ್ಲ. ನೈರೋಬಿ ಬೀದಿ ಅಂದ್ರೆ ಮತಾಟು ಸದ್ದು. ಮತಾಟು ಅನ್ನೋ ಹೆಸರೇ "ತಾತು", ಮೂರು ಅನ್ನೋದ್ರಿಂದ ಬಂದಿದ್ದು, ಹತ್ತು ಸೆಂಟಿನ ಮೂರು ನಾಣ್ಯ ಇತ್ತಂತೆ ಆಗ ಚಾರ್ಜು. 1973ರಲ್ಲಿ ಆಗಿನ ಅಧ್ಯಕ್ಷ ಜೋಮೋ ಕೀನ್ಯಾಟಾ ಲೈಸೆನ್ಸ್ ಬೇಡ ಓಡಿಸ್ಕೊಳ್ಳಿ ಅಂದ್ರು, ಊರು ತುಂಬ್ಕೊಂಡ್ವು. 2004ರಲ್ಲಿ ಸಾರಿಗೆ ಮಂತ್ರಿ ಜಾನ್ ಮಿಚುಕಿ ಸೀಟ್ ಬೆಲ್ಟು, ಸ್ಪೀಡ್ ಗವರ್ನರ್ರು, ಹಳದಿ ಪಟ್ಟಿ ಅಂತ ಮೂಗುದಾರ ಹಾಕಿದ್ರು, ಇವತ್ತಿಗೂ ಅದಕ್ಕೆ ಮಿಚುಕಿ ರೂಲ್ಸ್ ಅಂತಾನೇ ಹೆಸರು. ಮೈ ತುಂಬ ಪೇಂಟಿಂಗ್, ಒಳಗೆ ಸ್ಕ್ರೀನು, ಎದೆ ನಡುಗಿಸೋ ಸ್ಪೀಕರ್ ಇರೋ ಗಾಡಿಗೆ ಙಾನ್ಯಾ ಅಂತಾರೆ, ಹುಡುಗ್ರು ಬೇರೆ ಗಾಡಿ ಬಿಟ್ಟು ಅದಕ್ಕೇ ಕಾಯ್ತಾರೆ. ಕಂಡಕ್ಟರ್, ಅಲ್ಲಿ ಕೊಂಡಾ ಅಥವಾ ಮಕಾಂಗಾ, ಬಾಗಿಲಲ್ಲಿ ಒಂದು ಕಾಲಲ್ಲಿ ನೇತಾಡ್ಕೊಂಡು ಗಾಡಿ ಮೈ ಬಡೀತಾನೆ, ಆ ಬಡಿತವೇ ಡ್ರೈವರಿಗೆ ಹೋಗು, ನಿಲ್ಲು. ಅದನ್ನ ಮೈಕ್ ಹತ್ರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡ್ಕೊಳ್ಳಿ, ಎಡಿಟಲ್ಲಿ ಚಿನ್ನ. ಚಾರ್ಜ್ ಕೂಗೋದನ್ನೂ ಹಿಡೀರಿ: ಮ್ಬಾವೋ ಅಂದ್ರೆ 20 ಶಿಲಿಂಗು, ಫಿಂಜೆ 50, ಸೋ 100. ಬೆಳಿಗ್ಗೆ ಫಿಂಜೆ ಇದ್ದಿದ್ದು ಮಳೆ ಹನಿ ಬಿದ್ದ ತಕ್ಷಣ ಸೋ ಆಗತ್ತೆ. ಒಂದೇ ಸ್ಟೇಜು, ಒಂದೇ ರೂಟು, ಬರೀ ಧ್ವನಿಯಲ್ಲೇ ರೇಟ್ ಏರೋದನ್ನ ಕೇಳಿಸಿದ್ರೆ ಎಕನಾಮಿಕ್ಸ್ ಪ್ರೊಫೆಸರ್ ಇಂಟರ್ವ್ಯೂ ಬೇಕಾಗಿಲ್ಲ.

ಆದ್ರೆ ಗಾಡಿ ಒಳಗಿನ ಹಾಡು ಇಂಟರ್ವ್ಯೂ ಹಿಂದೆ ಬಂದ್ರೆ ಕಾಪಿರೈಟ್ ತಲೆನೋವು, ಮಾತು ಗಾಡಿ ಇಳಿದ ಮೇಲೆ ಮಾಡಿ, ಕಾಲರ್ ಮೈಕ್ ಹಾಕಿ.

ಇಬ್ಬರು ಇಲ್ದೆ ಶೂಟ್ ಬೇಡ, ಒಬ್ರು ನೋಡ್ತಾ ಇದ್ರೆ ಇನ್ನೊಬ್ರು ಬೆನ್ನು ಕಾಯ್ಬೇಕು. ಫೋನ್ ಕಿತ್ಕೊಂಡು ಓಡೋದು ಇದೆ, ನಮ್ಮಲ್ಲೂ ಇದೆ. ಕಾರ್ಡು ಪ್ರತಿ ರಾತ್ರಿ ಎರಡು ಕಡೆ ಕಾಪಿ. 2024ರ ಜೂನಲ್ಲಿ ಫೈನಾನ್ಸ್ ಬಿಲ್ ವಿರುದ್ಧ ಜನ ಪಾರ್ಲಿಮೆಂಟಿಗೇ ನುಗ್ಗಿದ್ದು ಗೊತ್ತಲ್ಲ, ಅಂಥಾ ದಿನ ಹೀರೋಗಿರಿ ಬೇಡ, ಫಿಕ್ಸರ್ ಮನೇಲಿರಿ ಅಂದ್ರೆ ಮನೇಲಿರಿ.

ಬದಲಾವಣೆ ತೋರಿಸೋದು

ಕಷ್ಟ ಇಲ್ಲಿರೋದು. ನೀವು ಹೋಗೋಷ್ಟ್ರಲ್ಲಿ ಊರು ಬದಲಾಗಿ ಆಗಿರತ್ತೆ. ಎರಡು ಉಪಾಯ ನನಗೆ ಕೆಲಸಕ್ಕೆ ಬಂತು. ಒಂದು, ಟ್ರೈಪಾಡ್ ಕಾಲಿಟ್ಟ ಜಾಗಕ್ಕೆ ನೆಲದ ಮೇಲೆ ಬಣ್ಣದ ಚುಕ್ಕೆ ಹಾಕಿ ಪ್ರತಿ ತಿಂಗಳು ಅದೇ ಟೈಮಿಗೆ ಅದೇ ಫ್ರೇಮಲ್ಲಿ ಹತ್ತು ನಿಮಿಷ ಶೂಟ್. ಮೂರನೇ ತಿಂಗಳಿಗೆ ಚುಕ್ಕೆ ಇದ್ದ ಟೈಲೇ ಇರ್ಲಿಲ್ಲ, ಅಗೆದು ಹಾಕಿದ್ರು, ಅದೂ ಶಾಟೇ. ಇನ್ನೊಂದು, ಹಳಬರನ್ನ ಜೊತೆ ನಡೆಸಿಕೊಂಡು ಹೋಗಿ ಏನೇನಿತ್ತು ಅಂತ ಕೈ ತೋರಿಸೋಕೆ ಹೇಳೋದು. ಕೀನ್ಯಾಟಾ ಅವೆನ್ಯೂ ಮೊದಲು ಡೆಲಮೇರ್ ಅವೆನ್ಯೂ, ಮೋಯಿ ಅವೆನ್ಯೂ ಗವರ್ನಮೆಂಟ್ ರೋಡ್, ಟಾಮ್ ಎಂಬೋಯಾ ಸ್ಟ್ರೀಟ್ ವಿಕ್ಟೋರಿಯಾ ಸ್ಟ್ರೀಟ್. ವಯಸ್ಸಾದವ್ರು ಮಾತಿನ ಮಧ್ಯೆ ಹಳೇ ಹೆಸರು ಜಾರಿಸ್ತಾರೆ, ಆಮೇಲೆ ತಾವೇ ಸರಿಪಡಿಸ್ಕೊಳ್ತಾರೆ. ಆ ಜಾರೋದನ್ನ ಕಟ್ ಮಾಡ್ಬೇಡಿ.

ಸಬ್‌ಟೈಟಲ್ ಕನ್ನಡದಲ್ಲಿ ಹಾಕೋದಾದ್ರೆ ಗ್ರಾಂಥಿಕ ಕನ್ನಡ ಬೇಡ. ಬೀದಿ ಹುಡುಗ್ರು ಮಾತಾಡೋದು ಶೆಂಗ್, ಸ್ವಾಹಿಲಿ ಇಂಗ್ಲಿಷ್ ಮತ್ತೆ ಅಲ್ಲಿನ ನಾಕಾರು ಭಾಷೆ ಕಲಸಿದ್ದು, ಏರಿಯಾದಿಂದ ಏರಿಯಾಗೆ ಬೇರೆ. ಇದಕ್ಕೆ ಆ ಏರಿಯಾ ಹುಡುಗ್ರನ್ನೇ ಕೂರಿಸ್ಕೊಂಡು ಅರ್ಥ ಕೇಳಿ, ಟೀಚರ್‌ಗೆ ಕೊಟ್ರೆ ತಿದ್ದಿ ಕೊಡ್ತಾರೆ. "ಪೋಲೆ" ಅನ್ನೋ ಪದಕ್ಕೆ ನಾನು ಮೊದಲು "ಕ್ಷಮಿಸಿ" ಅಂತ ಹಾಕಿದ್ದೆ. ನೀವು ಎಡವಿದ್ರೆ ದಾರೀಲಿ ಹೋಗೋರು ಪೋಲೆ ಅಂತಾರೆ, ಅವ್ರದ್ದೇನೂ ತಪ್ಪಿರಲ್ಲ, ಅದು ನಮ್ಮ "ಅಯ್ಯೋ ಪಾಪ". ಸರಿ ಮಾಡಿದ ಮೇಲೆ ಇಡೀ ಸೀನ್ ಬೇರೆ ಆಯ್ತು.

ರಫ್ ಕಟ್ ಆದ ತಕ್ಷಣ ಫೆಸ್ಟಿವಲ್ಲಿಗೆ ಕಳಿಸ್ಬೇಡಿ, ಸ್ಟೇಜಿನೋರಿಗೆ ತೋರ್ಸಿ. ನಾನು ಲ್ಯಾಪ್‌ಟಾಪನ್ನ ಸೊಪ್ಪಿನ ಬುಟ್ಟಿ ಮೇಲಿಟ್ಟು ಪ್ಲೇ ಮಾಡಿದೆ, ಹತ್ತು ಹದಿನೈದು ಜನ ಮುಗಿಬಿದ್ದು ನೋಡಿದ್ರು, ತಮ್ಮ ತಮ್ಮ ಮುಖ ಬಂದಾಗ ಕೇಕೆ. ಮುತುರಾದವ್ರು ಮಾತ್ರ ಸುಮ್ನೆ ನೋಡಿ, ಹೊಗೆ ತೋರ್ಸಿದ್ದೀಯ, ಕೆಂಡ ತೋರ್ಸಿದ್ದೀಯ, ರೇಟ್ ಎಲ್ಲಿ ಅಂದ್ರು. ಹತ್ತು ಶಿಲಿಂಗಿನ ಪೀಸು ಮೊದಲು ಎಷ್ಟು ಉದ್ದ ಇತ್ತು ಅಂತ ಹಲಗೆ ಮೇಲೆ ಚಾಕುವಲ್ಲಿ ಗೀರಿದ್ರು, ಈಗ ಎಷ್ಟು ಅಂತ ಅದರ ಅರ್ಧಕ್ಕೆ ಇನ್ನೊಂದು ಗೀರು. ಹಳೇ ಗೀರುಗಳು ಆ ಹಲಗೆ ತುಂಬ ಇದ್ವು, ನಾನು ಅಷ್ಟು ದಿನ ಶೂಟ್ ಮಾಡಿದ್ರೂ ಹಲಗೆ ಕಡೆ ನೋಡಿರ್ಲಿಲ್ಲ. ಮಾರನೇ ದಿನ ಮ್ಯಾಕ್ರೋ ಲೆನ್ಸ್ ಬಾಡಿಗೆಗೆ ತಗೊಂಡು ಮತ್ತೆ ಹೋದೆ, ಈ ಸಲ ಸಂಜೆ 4ಕ್ಕೆ.